ಎರಡು ಸಲ ಕೇಳಿದೆ

ಚನ್ನಗಿರಿಯಲ್ಲಿ ಹಿಟ್ಟಿನ ಗಿರಣಿ ಮುರುಗೇಶಪ್ಪ ಎಂದರೆ ಎಲ್ಲರಿಗೂ ಗೊತ್ತು. ಆದರೆ ಊರಿಗೆ ಗೊತ್ತಿದ್ದ ಮುರುಗೇಶಪ್ಪನೇ ಬೇರೆ, ಮೊಬೈಲಿನೊಳಗಿದ್ದ ಮುರುಗೇಶಪ್ಪನೇ ಬೇರೆ. ಊರಿನವನು ಕಿವುಡ. ರಾಗಿ ಬೀಸಿಸಲು ಬಂದವರು ಡಬ್ಬಿ ಮುಂದಿಟ್ಟು, ನುಣ್ಣಗೆ ಬೇಕೋ ತರಿ ಬೇಕೋ ಎಂಬುದನ್ನು ಬೆರಳು ತಿಕ್ಕಿ ತೋರಿಸಬೇಕಿತ್ತು. ಮೊಬೈಲಿನವನಾದರೋ ಕಿವಿಯ ಮಹಾರಾಜ. ಮುರುಗೇಶಣ್ಣನ ಕಿವಿ ಅಂದರೆ ಕಿವಿ, ಅವರ ಮುಂದೆ ಅಪಸ್ವರ ನುಸುಳುವ ಹಾಗಿಲ್ಲ ಎಂದು ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೆಲ್ಲ ಹೊಗಳುವವರಿದ್ದರು. ಪಾಪ, ಅವರಲ್ಲಿ ಒಬ್ಬರೂ ಅವನನ್ನು ಎದುರೆದುರು ಕಂಡವರಲ್ಲ.

ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಮೀಸೆ ಮೂಡುವಾಗಿನಿಂದ ಗಿರಣಿಯ ಗದ್ದಲದಲ್ಲೇ ನಿಂತವನು. ಹಾಡಿನ ಹುಚ್ಚು ಬೇರೆ. ಆ ಗದ್ದಲದ ಮೇಲೆ ಹಾಡು ಕೇಳಿಸಬೇಕಲ್ಲ, ಅದಕ್ಕೆ ಟೇಪ್ ರೆಕಾರ್ಡರನ್ನು ತಲೆಯ ಪಕ್ಕದ ಗೂಡಿನಲ್ಲಿಟ್ಟು ಬೀದಿಯ ಆ ತುದಿಗೆ ಕೇಳುವಷ್ಟು ಜೋರಾಗಿ ಹಚ್ಚುತ್ತಿದ್ದ. ಒಂದು ಕಡೆ ಕಲ್ಲಿನ ಗರಗರ, ಇನ್ನೊಂದು ಕಡೆ ಇದು. ಯಾವ ಕಿವಿ ತಾಳೀತು, ನೀವೇ ಹೇಳಿ. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಡತಿಯ ದನಿ, ಆಮೇಲೆ ಹಾಡು. ನರವೇ ಸತ್ತಿದೆ, ಮಷೀನು ಹಾಕಿದರೂ ಸದ್ದು ದೊಡ್ಡದಾದೀತೇ ಹೊರತು ಮಾತು ತಿಳಿಯುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಆದರೂ ಒಮ್ಮೆ ಹಾಕಿ ನೋಡಿದ. ಜೀವಮಾನವೆಲ್ಲ ಪ್ರೀತಿಸಿದ ಹಾಡುಗಳು ಗಿರಣಿಯ ಹಾಗೆ ಕೇಳಿಸಿದವು. ತೆಗೆದು ಟ್ರಂಕಿಗೆ ಹಾಕಿದ.

ಕೋಣನ ಮುಂದೆ ಕಿನ್ನರಿ ಎನ್ನುತ್ತಾರೆ. ಕೋಣಕ್ಕೆ ಅರ್ಥವಾಗುವುದಿಲ್ಲ ಅಷ್ಟೇ, ಕೇಳಿಸುವುದಾದರೂ ಕೇಳಿಸುತ್ತದೆ. ಮುರುಗೇಶಪ್ಪನಿಗೆ ಆ ಭಾಗ್ಯವೂ ಇರಲಿಲ್ಲ.

ಹೀಗಿರುವಾಗ ಅವನಿಗೆ ಸಿಕ್ಕಿದ್ದು 'ಹಾಡು ಹಂಚುವ ಬಳಗ'. ಹೊನ್ನಾಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ರುದ್ರಮುನಿ ಕಟ್ಟಿದ್ದ ವಾಟ್ಸಾಪ್ ಗುಂಪು ಅದು. ದಿನಾ ಬೆಳಿಗ್ಗೆ ಆ ದಿನ ಹುಟ್ಟಿದ ಒಬ್ಬ ಹಾಡುಗಾರರನ್ನೋ ವಾದ್ಯಗಾರರನ್ನೋ ನೆನೆದು, ಅವರದೊಂದು ಹಾಡು ಹಾಕಿ, ನಾಲ್ಕು ಸಾಲು ಬರೆಯುವುದು ಅಲ್ಲಿಯ ಪದ್ಧತಿ. ಮುರುಗೇಶಪ್ಪನಿಗೆ ಹುಟ್ಟಿದ ದಿನಗಳೆಲ್ಲ ಬಾಯಿಪಾಠ. ಹಾಡುಗಳಂತೂ ತಲೆಯೊಳಗೆ ಒಂದು ಸ್ವರವೂ ಸವೆಯದೆ ಉಳಿದಿದ್ದವು. ಎರಡನೇ ಚರಣ ಮುಗಿದ ಮೇಲೆ ಕೊಳಲು ಒಂದು ಗುಟುಕು ಉಸಿರು ತಗೊಳ್ಳುತ್ತೆ ನೋಡಿ ಎಂದು ಅವನು ಬರೆದರೆ, ನ್ಯಾಮತಿಯ ಪ್ರೇಮಮ್ಮ ಮತ್ತೆ ಹಚ್ಚಿ ಕೇಳಿ, ಇಷ್ಟು ವರ್ಷ ನಮಗಿದು ಗೊತ್ತೇ ಆಗಿರಲಿಲ್ಲವಲ್ಲ ಎಂದು ಬೆರಗಾಗುತ್ತಿದ್ದರು. ಅಲ್ಲಿ ಎಲ್ಲವೂ ಬರೆಯುವುದು, ಓದುವುದು. ಕಿವಿ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಭೂಮಿಯ ಮೇಲೆ ಅವನು ಕಿವುಡನಲ್ಲದ ಜಾಗ ಅದೊಂದೇ.

ಇಷ್ಟರವರೆಗೆ ಸುಳ್ಳಿರಲಿಲ್ಲ. ಸುಳ್ಳು ಶುರುವಾದದ್ದು ಗುಂಪಿನವರು ತಾವೇ ಹಾಡಿ ಕಳಿಸತೊಡಗಿದ ಮೇಲೆ. ಕಳಿಸುತ್ತಿದ್ದವರಲ್ಲಿ ಜಗಳೂರಿನ ಹೇಮಾವತಿ ಮುಂದು. ಅಂಗನವಾಡಿಯಲ್ಲಿ ಕೆಲಸ. ಗಂಡನ ಮನೆಯಲ್ಲಿ ಹಾಡಿದರೆ ಆಟದ ಮೇಳದವಳಾ ನೀನು ಎಂದು ಹಂಗಿಸಿದ್ದರಂತೆ. ಅಲ್ಲಿ ಬಾಳಲಾಗದೆ ತಿರುಗಿ ಬಂದವಳನ್ನು ಅಕ್ಕ ಅಜ್ಜಮ್ಮ ಜೊತೆಗಿಟ್ಟುಕೊಂಡಿದ್ದಳು. ಹೇಮಾವತಿಗೆ ಫೋನಿನಲ್ಲಿ ಕನ್ನಡ ಕುಟ್ಟಲು ಬೇಸರ, ಏನಿದ್ದರೂ ದನಿಯಲ್ಲೇ ಕಳಿಸುವವಳು. ಯಾವ ಹಾಡನ್ನೇ ಆಗಲಿ ಗುಂಪಿಗೆ ಹಾಕುವ ಮುಂಚೆ ಮುರುಗೇಶಪ್ಪನಿಗೆ ಒಬ್ಬನಿಗೇ ಕಳಿಸಿ, ಹೇಗಿದೆ ಅಣ್ಣ ಎಂದು ಕೇಳುತ್ತಿದ್ದಳು.

ಮೊದಮೊದಲು ಹೆಂಡತಿ ಅನ್ನಪೂರ್ಣ ಕೇಳಿ ಹೇಳುತ್ತಿದ್ದಳು. ಗಂಡನ ಎದುರು ಕೂತು ತುಟಿ ಬಿಡಿಸಿ ಮಾತಾಡಿದರೆ ಅವಳ ಮಾತು ಅವನಿಗೆ ತಿಳಿಯುತ್ತಿತ್ತು. ಒಂದು ದಿನ ಒಲೆಯ ಮೇಲೆ ಸಾರು ಉಕ್ಕುವ ಹೊತ್ತಿಗೆ ಇವನು ಫೋನು ಹಿಡಿದು ಬಂದ. ನಿಮ್ಮ ಬಳಗದವರ ಹಾಡು ಕೇಳಿ ವರದಿ ಒಪ್ಪಿಸೋಕೆ ನಾನೇನು ಆಕಾಶವಾಣಿನಾ ಎಂದು ಸಿಡುಕಿದಳು. ಅಲ್ಲಿಂದಾಚೆ ಮುರುಗೇಶಪ್ಪ ಅವಳನ್ನು ಕೇಳುವುದನ್ನು ಬಿಟ್ಟ. ಅವನಿಗೂ ಅಭಿಮಾನ ಎಂಬುದಿತ್ತು.

ಬದಲಿಗೆ ಒಂದು ಉಪಾಯ ಕಂಡುಕೊಂಡ. ದನಿ ಬಂದಾಗ ಫೋನಿನಲ್ಲಿ ಉದ್ದಕ್ಕೂ ಗೀಟುಗಳು ಮೂಡುತ್ತವಲ್ಲ, ಅವನ್ನು ನೋಡುವುದು. ಗಿಡ್ಡ ಗೀಟಿದ್ದರೆ ಮೆಲ್ಲಗೆ ಹಾಡಿದ್ದಾಳೆ, ಎತ್ತರದ್ದಿದ್ದರೆ ದನಿ ಏರಿಸಿದ್ದಾಳೆ. ಉದ್ದಕ್ಕಿದ್ದರೆ ಹಾಡು, ತುಂಡಿದ್ದರೆ ಬರೀ ನಮಸ್ಕಾರ. ಆ ಗೀಟು ನೋಡಿಕೊಂಡು, ಮೊದಲು ತಗ್ಗಿಸಿ ಆಮೇಲೆ ಎತ್ತಿದೆಯಲ್ಲ ತಾಯಿ, ಆ ಜಾಗ ಬಲು ಸೊಗಸು ಎಂದು ಬರೆಯುತ್ತಿದ್ದ. ಅದು ಹೇಗೋ ಸರಿಹೋಗುತ್ತಿತ್ತು. ಎಂಥ ಜಾಣ ನೋಡಿ, ಕೆಟ್ಟ ಜಾಣ. ಆ ಮಾತನ್ನು ನಂಬಿ ಹೇಮಾವತಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಹಿಡಿದಳು. ಚನ್ನಗಿರಿಯ ಅಣ್ಣ ಒಪ್ಪಿದ ಮೇಲೆ ನನಗಿನ್ಯಾರ ಭಯ ಎಂದು ಗುಂಪಿನಲ್ಲಿ ಹೇಳಿಕೊಂಡಳು. ಅದನ್ನು ಯಾರೋ ಬರೆದು ತಿಳಿಸಿದಾಗ ಮುರುಗೇಶಪ್ಪನಿಗೆ ಖುಷಿಯೂ ಆಯಿತು, ಒಳಗೆಲ್ಲೋ ಚುಚ್ಚಿದ ಹಾಗೂ ಆಯಿತು. ಖುಷಿಯನ್ನಷ್ಟೇ ಇಟ್ಟುಕೊಂಡ.

ಇನ್ನು ಜೂನ್ ಒಂದರ ಸಂಗತಿ. ನಮ್ಮ ಕಡೆ ಹಳಬರಿಗೆಲ್ಲ ಅದೇ ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಅಪ್ಪ ಅವ್ವನಿಗೆ ತಾರೀಖು ಗೊತ್ತಿಲ್ಲ, ಮೇಷ್ಟ್ರಿಗೆ ಪುರುಸೊತ್ತಿಲ್ಲ, ಜೂನ್ ಒಂದು ಎಂದು ಗೀಚಿದರೆ ಮುಗಿಯಿತು. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರರು, ಭಜನೆಯವರು, ಸೋಬಾನೆಯವರು, ಎಲ್ಲರೂ ಅವತ್ತೇ ಹುಟ್ಟಿದವರು. ಆದ್ದರಿಂದ ಬಳಗಕ್ಕೆ ಅದು ದೊಡ್ಡ ಹಬ್ಬ. ಹೆಸರು ಮರೆತುಹೋದ ಊರೂರಿನ ಕಲಾವಿದರ ಹೆಸರಿನಲ್ಲಿ ಅವತ್ತು ಪ್ರತಿಯೊಬ್ಬರೂ ತಾವೇ ಒಂದು ಹಾಡು ಹೇಳಿ ಕಳಿಸಬೇಕು.

ಆ ವರ್ಷದ ಜೂನ್ ಒಂದರಂದು ಅನ್ನಪೂರ್ಣ ತ್ಯಾವಣಿಗೆಗೆ, ತವರಿಗೆ ಹೋಗಿದ್ದಳು. ಮುರುಗೇಶಪ್ಪ ಗಿರಣಿಯ ಬಾಗಿಲು ತೆಗೆಯುವಷ್ಟರಲ್ಲಿ ಹೇಮಾವತಿಯ ದನಿ ಬಂದು ಕೂತಿತ್ತು. ಉದ್ದಕ್ಕಿತ್ತು. ಗೀಟು ನೋಡಿದ. ತಗ್ಗು, ಮತ್ತೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ಎತ್ತರ, ಮತ್ತೆ ತಗ್ಗು. ಇಂಥ ಏರಿಳಿತ ಅವಳ ಯಾವ ಹಾಡಿನಲ್ಲೂ ಕಂಡಿರಲಿಲ್ಲ. ಭಲೆ ಎಂದುಕೊಂಡು, ಹಿಟ್ಟಿನ ಕೈಯನ್ನು ಲುಂಗಿಗೆ ಒರೆಸಿ ಬರೆದ: "ಆಹಾ, ಏನು ದನಿ ತಾಯಿ! ತಡೆದು ತಡೆದು ಎತ್ತುತ್ತೀಯಲ್ಲ, ಅಲ್ಲಿ ಮೈ ಜುಂ ಅಂತು. ಎರಡು ಸಲ ಕೇಳಿದೆ. ಇನ್ನೊಂದು ಕಳಿಸು."

ಆ ಕಡೆಯಿಂದ ಏನೂ ಬರಲಿಲ್ಲ. ಹಬ್ಬದ ಗಡಿಬಿಡಿ ಎಂದುಕೊಂಡ. ಮಧ್ಯಾಹ್ನ ಗುಂಪು ತೆರೆದರೆ ಹಾಡೂ ಇಲ್ಲ, ಹುಟ್ಟುಹಬ್ಬವೂ ಇಲ್ಲ. ಜಗಳೂರಿನ ಹೇಮಾವತಿಯವರ ಅಕ್ಕ ಅಜ್ಜಮ್ಮನವರು ಇಂದು ಬೆಳಗಿನ ಜಾವ ತೀರಿಕೊಂಡರು ಎಂದು ರುದ್ರಮುನಿ ಬರೆದಿದ್ದ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಮುರುಗೇಶಪ್ಪ ಬೆಳಗಿನ ಆ ಗೀಟುಗಳನ್ನು ಮತ್ತೆ ತೆಗೆದು ನೋಡಿದ. ಬೆಳಗಿನ ಜಾವ ಅಕ್ಕ ಸತ್ತವಳು ಬೆಳಿಗ್ಗೆ ಹಾಡಿ ಕಳಿಸುತ್ತಾಳೆಯೇ?

ಗಿರಣಿ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಂಡ. ಫೋನನ್ನು ಕಿವಿಗೆ ಒತ್ತಿದ. ಕಿವಿಯ ಹಿಂದಿನ ಎಲುಬಿಗೆ ಒತ್ತಿದ. ಟ್ರಂಕು ತೆಗೆದು ಮಷೀನನ್ನು ಹುಡುಕಿ ತುರುಕಿಕೊಂಡ, ಅದು ಸತ್ತು ಯಾವ ಕಾಲವಾಗಿತ್ತೋ. ಫೋನಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಸಣ್ಣಗೆ ನಡುಗುವುದು ಗೊತ್ತಾಯಿತು, ಅಷ್ಟೇ. ಒಂದು ಹೆಣ್ಣುಜೀವ ತನ್ನ ಹಲ್ಲಿನ ನಡುವೆ ನಡುಗುತ್ತಿದೆ, ಏನು ಹೇಳುತ್ತಿದೆಯೆಂದು ತಿಳಿಯದು. ನೆರೆಯವರಿಗೆ ಕೊಟ್ಟು ಕೇಳಿಸೋಣವೆಂದರೆ ನಾಚಿಕೆ. ಬರೆದದ್ದನ್ನು ಅಳಿಸೋಣವೆಂದರೆ ಅವಳು ಓದಿಯಾಗಿತ್ತು. ಅನ್ನಪೂರ್ಣಳಿಗೆ ಕೂಡಲೇ ಬಾ ಎಂದು ಕಳಿಸಿ, ಹಿಟ್ಟಿನ ಚೀಲದ ಮೇಲೆ ಕೂತು ಅತ್ತ.

ಸಂಜೆ ಅವಳು ಬರುವಷ್ಟರಲ್ಲಿ ಬಳಗದ ಬಾಗಿಲೂ ಮುಚ್ಚಿತ್ತು. ಹೇಮಾವತಿ ಆ ಉತ್ತರವನ್ನು ತೋರಿಸಿರಬೇಕು, ನೀವು ಇಂಥ ಕಲ್ಲುಹೃದಯದವರೆಂದು ತಿಳಿದಿರಲಿಲ್ಲ ಎಂದು ಬರೆದು ರುದ್ರಮುನಿ ಅವನನ್ನು ಗುಂಪಿನಿಂದ ತೆಗೆದುಹಾಕಿದ್ದ. ಹೇಮಾವತಿಗೆ ಏನು ಬರೆದರೂ ತಲುಪುತ್ತಿರಲಿಲ್ಲ. ಅನ್ನಪೂರ್ಣ ಬ್ಯಾಗು ಕೆಳಗಿಡದೆ ಫೋನು ತೆಗೆದುಕೊಂಡು ಕಿವಿಗಿಟ್ಟಳು. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಆಮೇಲೆ ಗಂಡನ ಎದುರು ಕೂತು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಣ್ಣ, ಅಕ್ಕ ಹೋಗಿಬಿಟ್ಲು, ಅಂತಾಳೆ. ಭಾಳ ಅಳ್ತಾಳೆ. ನನ್ನ ಹಾಡು ಮನಸಿಟ್ಟು ಕೇಳಾಕೆ ಅಕ್ಕ ಇದ್ಲು, ಅಕ್ಕನ್ನ ಬಿಟ್ರೆ ನೀವು. ಇನ್ನು ಈ ಲೋಕದಾಗೆ ನೀವೊಬ್ರೇ ಅಣ್ಣ, ಅಂತಾಳೆ."

ಮುರುಗೇಶಪ್ಪ ಎರಡೂ ಕೈಯಿಂದ ತಲೆ ಚಚ್ಚಿಕೊಂಡ. ನಾಳೆಯೇ ಜಗಳೂರಿಗೆ ಹೋಗಿ, ನನಗೆ ಕಿವಿ ಕೇಳಿಸುವುದಿಲ್ಲವೆಂದು ಕಾಲಿಗೆ ಬಿದ್ದು ಹೇಳುತ್ತೇನೆ ಎಂದ. ಅನ್ನಪೂರ್ಣ ಬ್ಯಾಗನ್ನು ಈಗ ಕೆಳಗಿಟ್ಟಳು. ಸಿಡುಕಿನ ಹೆಂಗಸೇ, ಆದರೆ ಅವಳಿಗೆ ಹೊಳೆದದ್ದು ಇವನಿಗೆ ಹೊಳೆದಿರಲಿಲ್ಲ.

"ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ ಕಿವುಡ ಅಂತ ಮಾತ್ರ ಹೇಳಬ್ಯಾಡ್ರಿ. ಅಷ್ಟು ವರ್ಷ ಹೊಗಳಿದ್ದೆಲ್ಲ ಸುಳ್ಳು ಅಂತ ಆಗ್ತೈತೆ. ಹಾಡು ಕೇಳಿದ ಕೆಟ್ಟೋನು ಒಬ್ಬ ಇದ್ದ ಅಂತ ಅಂದ್ಕಂಡ್ರೂ ಅವಳು ಬದುಕ್ತಾಳೆ. ಕೇಳ್ದೇ ಇರೋ ಒಳ್ಳೇವನ್ನ ಕಟ್ಕಂಡು ಏನು ಮಾಡ್ತಾಳೆ?"

ಆ ಮಾತು ಅವನನ್ನು ರಾತ್ರಿಯೆಲ್ಲ ಕೊರೆಯಿತು. ಬೆಳಿಗ್ಗೆ ದಾವಣಗೆರೆಗೆ ಬಸ್ಸು ಹತ್ತಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದ. ಹೆಂಡತಿ ಹೇಳಿದ್ದೇ ಸರಿ. ಕಿವುಡನೆಂದು ಹೇಳಿದರೆ ತನ್ನ ಹೆಸರು ಉಳಿದೀತು, ಆದರೆ ಅವಳಿಗೆ ಅಕ್ಕನ ಜೊತೆ ಇನ್ನೊಂದು ಕಿವಿಯೂ ಸತ್ತ ಹಾಗೆ. ಕೇಳಿದೆ, ಕೇಳಿಯೂ ಹಾಗೆ ಬರೆದೆ, ಬುದ್ಧಿಗೆ ಮಂಕು ಕವಿದಿತ್ತು ಎಂದು ಹೇಳಿ, ಉಗಿಸಿಕೊಂಡು ಬರುವುದೆಂದು ಗಟ್ಟಿಮಾಡಿಕೊಂಡ. ಕಿಟಕಿಯಾಚೆ ಹೊಲಗಳು ಹೋಗುತ್ತಿದ್ದವು. ಕಂಡಕ್ಟರ್ ಏನೋ ಕೇಳಿದ, ಇವನು ಸುಮ್ಮನೆ ಜಗಳೂರು ಎಂದ.

ಜಗಳೂರಿನಲ್ಲಿ ಇಳಿದು, ಅಂಗನವಾಡಿ ಹೇಮಾವತಿಯವರ ಮನೆ ಎಂದು ಫೋನಿನಲ್ಲಿ ಬರೆದು ಆಟೋದವನಿಗೆ ತೋರಿಸಿದ. ಮನೆಯ ಮುಂದೆ ಹಾಕಿದ್ದ ಸಾವಿನ ಬೆಂಕಿಯ ಬೂದಿ ಇನ್ನೂ ಇತ್ತು. ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರು, ನಡುವೆ ಗೋಡೆಗೊರಗಿ ಒಬ್ಬಳು. ಫೋನಿನ ಚಿತ್ರದಲ್ಲಿ ಕಂಡ ಮುಖವೇ. ಅವಳೂ ಇವನನ್ನು ಗುರುತಿಸಿದಳು, ಕಣ್ಣು ಕಿರಿದಾದವು. ಮುರುಗೇಶಪ್ಪ ಹೊಸ್ತಿಲಿನ ಹೊರಗೇ ಕುಕ್ಕರುಗಾಲಿನಲ್ಲಿ ಕೂತು ಕೈಮುಗಿದ. ದಾರಿಯುದ್ದಕ್ಕೂ ಉರು ಹೊಡೆದದ್ದನ್ನು ಹೇಳಿದ. ತನ್ನ ದನಿ ಎಷ್ಟು ಜೋರೆಂದು ಅವನಿಗೆ ತಿಳಿಯದು. ಹೆಂಗಸರು ಬೆಚ್ಚಿದ್ದು ಕಂಡಾಗ, ಸಾವಿನ ಮನೆಯಲ್ಲಿ ತಾನು ಅರಚಿದೆನೆಂದು ಗೊತ್ತಾಯಿತು.

"ತಪ್ಪಾತು ತಾಯಿ. ನೀ ಅತ್ತಿದ್ದು ಕೇಳಿದೆ. ಕೇಳಿನೂ ಹಂಗೆ ಬರದೆ. ನನ್ ಬುದ್ಧಿಗೆ ಮಂಕು ಕವಿದಿತ್ತು."

ಹೇಮಾವತಿ ಅವನನ್ನು ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ತಲೆ ತಗ್ಗಿಸಿದರೆ ಸಾಕು, ಅದಕ್ಕೆ ಕಿವಿ ಬೇಕಿಲ್ಲ. ಅವಳು ಸೆರಗೆತ್ತಿ ಬಾಯಿಗೆ ಅಡ್ಡ ಹಿಡಿದಳು, ಹೆಂಗಸರು ಅಳು ತಡೆಯಲು ಹಿಡಿಯುತ್ತಾರಲ್ಲ, ಹಾಗೆ. ಮಾತಾಡತೊಡಗಿದಳು. ತುಟಿ ಕಾಣಿಸುತ್ತಿರಲಿಲ್ಲ. ಸೆರಗು ಅಲುಗುವುದಷ್ಟೇ ಕಾಣಿಸುತ್ತಿತ್ತು. ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೊನೆಗೆ ಪೂರ್ತಿ ನಿಂತಿತು. ಕೂತಿದ್ದ ಹೆಂಗಸರೆಲ್ಲ ಇವನ ಕಡೆ ತಿರುಗಿದರು.

ಏನನ್ನೋ ಕೇಳಿದ್ದಾಳೆ, ಉತ್ತರ ಕಾಯುತ್ತಿದ್ದಾರೆ. ಏನು ಕೇಳಿದಳು? ಯಾಕೆ ಹಾಗೆ ಬರೆದೆ ಎಂದಳೋ, ನಕ್ಕೆಯಾ ಎಂದಳೋ, ಅಕ್ಕನ ಹೆಸರಿನಲ್ಲಿ ಒಂದು ಪದ ಹಾಡಲೇ ಎಂದಳೋ. ಹೂಂ ಎನ್ನಬಹುದು, ಊಹೂಂ ಎನ್ನಬಹುದು. ಮುರುಗೇಶಪ್ಪ ಆ ಮುಖ ನೋಡಿದ. ಗೀಟು ನೋಡಿ ಹೂಂ ಅಂದದ್ದಕ್ಕೇ ಇಲ್ಲಿಗೆ ಬಂದು ಕೂತಿದ್ದೇನೆ. ಸೆರಗು ನೋಡಿ ಮತ್ತೆ ಹೂಂ ಅನ್ನಲೇ? ಗಟ್ಟಿಮಾಡಿಕೊಂಡದ್ದೆಲ್ಲ ಅಲ್ಲೇ ಕುಸಿಯಿತು. ಅವನಿಗೆ ಆಗಲಿಲ್ಲ.

"ನಂಗೆ ಕಿವಿ ಕೇಳ್ಸಲ್ಲ ತಾಯಿ," ಎಂದ. "ಈಗ ನೀ ಅಂದಿದ್ದೂ ಕೇಳ್ಸಲಿಲ್ಲ. ನಿನ್ನೆ ಅತ್ತಿದ್ದೂ ಕೇಳ್ಸಲಿಲ್ಲ."

ಹೇಮಾವತಿ ಮೊದಲು ನಂಬಲಿಲ್ಲ. ಪಕ್ಕದವಳ ಕಡೆ ತಿರುಗಿ ಏನೋ ಅಂದಳು. ಆಕೆ ಎದ್ದು ಇವನ ಬೆನ್ನ ಹಿಂದೆ ಹೋದಳು, ಅಲ್ಲಿ ಏನು ಮಾಡಿದಳೋ ಇವನಿಗೆ ಗೊತ್ತಾಗಲಿಲ್ಲ. ಕೂತಿದ್ದ ಹೆಂಗಸರ ಮುಖದ ಮೇಲೆ ಕನಿಕರ ಬಂತು. ಒಬ್ಬಳು ಲೊಚಗುಟ್ಟಿದಳು. ಹೇಮಾವತಿಯ ಮುಖದ ಸಿಟ್ಟೂ ಇಳಿಯಿತು, ಕೈ ನೆಲಕ್ಕೂರಿ ಅವನ ಹತ್ತಿರಕ್ಕೆ ಸರಿಯಹೋದಳು. ಅರ್ಧಕ್ಕೆ ನಿಂತಳು. ಆಗ ಅವಳಿಗೆ ಅದು ಹೊಳೆಯಿತು. ಹೊಳೆದದ್ದನ್ನು ಮುರುಗೇಶಪ್ಪ ಕಣ್ಣಾರೆ ಕಂಡ.

ಅವಳು ಬಾಯಿಂದ ಸೆರಗು ಇಳಿಸಿದಳು. ಕಿವುಡನಿಗೆ ಹೇಗೆ ಮಾತಾಡಬೇಕೆಂದು ಈಗ ತಿಳಿದಿತ್ತಲ್ಲ, ತುಟಿ ಬಿಡಿಸಿ ನಿಧಾನವಾಗಿ ಕೇಳಿದಳು. ಒಂದಕ್ಷರವೂ ತಪ್ಪದೆ ಅವನಿಗೆ ಅರ್ಥವಾಯಿತು.

"ಒಂದು ಹಾಡೂ ಕೇಳಿಲ್ವಾ ಅಣ್ಣ?"

"ಒಂದೂ ಇಲ್ಲ ತಾಯಿ," ಎಂದ ಮುರುಗೇಶಪ್ಪ.