ನಾಯಿಯ ಮುಂಗುರುಳು

ಸದಾಶಿವಗಡದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಅಲ್ಲಿಗೆ ಬ್ಲೌಸ್ ಹೊಲಿಸಲು ಬರುತ್ತಿದ್ದ ನೌಕಾದಳದ ಅಧಿಕಾರಿಯೊಬ್ಬರ ಹೆಂಡತಿ, ವರ್ಗವಾಗಿ ಹೋಗುವಾಗ ತಮ್ಮ ಶಿಹ್ ತ್ಸು ನಾಯಿಯನ್ನು ನನಗೆ ಕೊಟ್ಟು ಹೋದರು. ಜೊತೆಗೆ ಎರಡು ಬಾಚಣಿಗೆ, ಒಂದು ಮಾತು. ಮೈಕೂದಲನ್ನು ಹೇಗೆ ಬೇಕಾದರೂ ಕತ್ತರಿಸಿ, ಹಣೆಯದನ್ನು ಮಾತ್ರ ಮುಟ್ಟಬೇಡಿ, ಬೆಳಕು ನೇರವಾಗಿ ಬಿದ್ದರೆ ಈ ಜಾತಿಗೆ ಕಣ್ಣು ಹೋಗುತ್ತದೆ ಎಂದರು. ಅಷ್ಟು ಓದಿದವರು ಹೇಳಿದ್ದು, ವೇದವಾಕ್ಯವೆಂದು ನಂಬಿದೆ. ನಂಬಲು ನನಗೂ ಮನಸ್ಸಿತ್ತು, ಸುಳ್ಳೇಕೆ ಹೇಳಲಿ. ಆ ಮುಂಗುರುಳೇ ಅದರ ಚಂದ.

ನಮ್ಮ ಸೆಕೆಗೆ, ಉಪ್ಪುಗಾಳಿಗೆ ಎರಡೇ ದಿನದಲ್ಲಿ ಕೂದಲು ಗಂಟುಗಟ್ಟುತ್ತಿತ್ತು. ಮೊಬೈಲಿನಲ್ಲಿ ನೋಡಿ ನೋಡಿ ಕತ್ತರಿಸಲು ಕಲಿತೆ. ಬೇಸಿಗೆಗೆ ಮೈಯೆಲ್ಲ ಗಿಡ್ಡ, ಕಾಲಿಗಷ್ಟೇ ದುಂಡನೆಯ ಗೊಂಚಲು. ಮಳೆಗಾಲ ಕಳೆದ ಮೇಲೆ ಲಂಗದ ಅಂಚಿನಂತೆ ನೆಲ ಮುಟ್ಟುವ ಕೂದಲು. ಮುಖವನ್ನು ಕರಡಿಮರಿಯ ಹಾಗೆ ಗುಂಡಗೆ ಮಾಡಿ, ಹಣೆಯದನ್ನು ಮೂಗಿನವರೆಗೆ ಇಳಿಬಿಡುತ್ತಿದ್ದೆ. ಅಂಕೋಲೆಯಿಂದ ಬಂದವರೂ ಬ್ಲೌಸಿನ ಅಳತೆ ಮರೆತು ಅದರ ಫೋಟೋ ತೆಗೆಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಂಡ ಛೇಡಿಸುತ್ತಿದ್ದರು. ನಾನು ಉಬ್ಬಿಹೋಗಿದ್ದೆ.

ದೀಪಾವಳಿಯ ನಂತರ ಅದು ಬಾಗಿಲ ಚೌಕಟ್ಟಿಗೆ ಹಾಯತೊಡಗಿತು. ಹೊಲಿಗೆ ಮಶೀನಿನ ಕಾಲಿಗೆ ತಲೆ ಬಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಿತ್ತು. ತಿಂದು ಕೊಬ್ಬಿದೆ ಎಂದು ಎಲ್ಲರೂ ನಕ್ಕೆವು. ಕೂದಲಿಗೆ ಕಣ್ಣಿನ ಗೀಜು ಅಂಟಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ನೀಟಾಗಿ ಬಾಚಿ ಬಿಟ್ಟೆ. ಎತ್ತಿ ನೋಡಲಿಲ್ಲ.

ದಿನಾ ಮೀನು ತರುವ ಮುದುಕಿಯ ಬುಟ್ಟಿಗೂ ಒಂದು ಬೆಳಿಗ್ಗೆ ಹೋಗಿ ಡಿಕ್ಕಿ ಹೊಡೆಯಿತು. ಅವಳು ನಗಲಿಲ್ಲ. ಅದರ ಮುಖದೆದುರು ಕೈಯಾಡಿಸಿ ನೋಡಿದಳು.

"ತಂಗಿ, ಇದ್ಕೆ ಕಣ್ಣ ಕಾಣೂದಿಲ್ಲ. ಆ ಕೂದ್ಲ ತೆಗ್ದ ನೋಡೆ."

ಮೀನು ಮಾರುವವಳಿಂದ ನಾನು ನಾಯಿ ಸಾಕುವುದು ಕಲಿಯಬೇಕೇ ಎನಿಸಿತು. ಬಂಗಡೆ ತೆಗೆದುಕೊಂಡು ಒಳಗೆ ಬಂದೆ. ಹಾಗೆ ಮೂರು ವಾರ ಕಳೆದೆ.

ಬಾಚಣಿಗೆ ತಾಗಿದ್ದೇ ಅದು ಕಿರುಚಿಕೊಂಡ ದಿನ ಕಾರವಾರಕ್ಕೆ ಒಯ್ದೆ. ಡಾಕ್ಟರು ಮೊದಲು ಮಾಡಿದ ಕೆಲಸ, ನಾನು ವರ್ಷಗಟ್ಟಲೆ ಕಾಪಾಡಿದ ಆ ಕೂದಲನ್ನು ನಾಲ್ಕೇ ಏಟಿಗೆ ಕತ್ತರಿಸಿ ಹಾಕಿದ್ದು. ಬಲಗಣ್ಣು ಹಾಲಿನ ಹಾಗೆ ಬೆಳ್ಳಗಾಗಿತ್ತು. ಎಡಗಣ್ಣಿನ ತುಂಬ ಹುಣ್ಣು. ಕಣ್ಣೀರು ಬತ್ತುವ ಕಾಯಿಲೆಯಂತೆ, ಒಣಗಿದ ಕಣ್ಣಿಗೆ ಕೂದಲು ಉಜ್ಜಿ ಉಜ್ಜಿ ಹೀಗಾಗಿದೆಯಂತೆ. ಬೆಳಕಿನ ಮಾತು ಶುದ್ಧ ಸುಳ್ಳು ಎಂದರು. ಆಮೇಲೆ, ನನ್ನನ್ನು ಬೈಯಬೇಕೆಂದಲ್ಲ, ಸುಮ್ಮನೆ ಹೇಳಿದರು:

"ಮೂರು ವಾರ ಮುಂಚೆ ತಂದಿದ್ರೆ ಒಂದಾದ್ರೂ ಉಳೀತಿತ್ತು."

ಔಷಧ ಹಾಕಿದೆ, ಹರಕೆ ಹೊತ್ತೆ. ಎರಡು ಕಣ್ಣೂ ಉಳಿಯಲಿಲ್ಲ. ಯಾರ ಮೇಲೆ ಹಾಕಲಿ ಈ ತಪ್ಪನ್ನು? ನಾಯಿ ಕೊಟ್ಟ ಹೆಂಗಸು ತಿಳಿಯದೆ ಹೇಳಿದರು, ಮುದುಕಿ ತಿಳಿದು ಹೇಳಿದಳು. ಚಂದ ಬೇಕಾಗಿದ್ದು ನನಗೆ.

ಈಗ ಅದರ ಮುಖ ಬೋಳು. ಆದರೂ ನಾನು ಬಟ್ಟೆ ಕತ್ತರಿಸಲು ಕೂತರೆ ಸಾಕು, ಕತ್ತರಿಯ ಸದ್ದು ಹಿಡಿದು, ಗೋಡೆಗೆ ಮೈ ಒತ್ತಿಕೊಂಡು ಬಂದು ಎದುರು ಕೂರುತ್ತದೆ. ಸಿಂಗಾರ ಮಾಡು ಎಂಬಂತೆ ಮುಖ ಎತ್ತಿ ಕೊಡುತ್ತದೆ. ನಾನು ಸಾಕು ಹೋಗು ಅನ್ನುವವರೆಗೂ ಹಾಗೇ ಕೂತಿರುತ್ತದೆ.