ಒಂದೇ ಗೇಟಿನ ಎರಡು ಶಾಲೆ

ಅಕ್ಕಾತಾಯಿಯವರ ಕಟ್ಟೆಯ ಮೇಲೆ ಮಕ್ಕಳ ಪುಸ್ತಕಗಳಿಗೆ ಕಾಗದ ಹೊದಿಸುತ್ತ ಕೂತಿದ್ದೆವು. ಅವರ ಹಿರಿಯ ಮೊಮ್ಮಗಳು ಶ್ರದ್ಧಾಳ ಪುಸ್ತಕ ಮುಗಿಸಿ ಕಿರಿಯವಳು ಸಾನಿಕಾಳ ಪುಸ್ತಕ ತೆರೆದೆ. ಒಳಗಿದ್ದದ್ದು ಮರಾಠಿ. ಯಾರದೋ ಪುಸ್ತಕ ಸೇರಿಕೊಂಡಿದೆ ಎಂದು ಪಕ್ಕಕ್ಕಿಟ್ಟೆ. ಇನ್ನೊಂದು ತೆರೆದರೆ ಅದೂ ಮರಾಠಿ.

“ಇದು ಯಾರದು?” ಎಂದೆ.

“ಸಾನಿಕಾಂದು,” ಎಂದರು ಅಕ್ಕಾತಾಯಿ, ಕಾಗದ ಕತ್ತರಿಸುತ್ತ. “ದೊಡ್ಡಾಕಿನ್ನ ಕನ್ನಡ ಸಾಲಿಗೆ ಹಾಕೇವ್ರಿ, ಸಣ್ಣಾಕಿನ್ನ ಮರಾಠಿಗೆ.”

“ಮನೇಲಿ ಕನ್ನಡ ಮಾತಾಡ್ತೀರಲ್ಲಮ್ಮ?”

“ಮಾತಾಡ್ತೇವ್ರಿ. ಮರಾಠೀನೂ ಮಾತಾಡ್ತೇವಿ. ಎಮ್ಮಿಗೆ ಬೈಯೂ ಮುಂದ ಯಾವ್ದು ಬಾಯಿಗೆ ಬರ್ತೈತಿ ಅದು. ಒಬ್ಬಾಕಿ ಮಿರಜ ಕಡೆ ಹೋಗ್ಲಿ, ಒಬ್ಬಾಕಿ ಅಥಣಿ ಕಡೆ ಹೋಗ್ಲಿ. ನಮಗ ಎರಡೂ ಕಡೆ ಬೀಗರು ಬೇಕಲ್ರಿ.”

ನಕ್ಕು ಮಾತು ಮುಗಿಸಿದರು. ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟೆ. ನಮ್ಮ ಯಜಮಾನರಿಗೆ ನಂಜನಗೂಡಿನಿಂದ ಮಹಾರಾಷ್ಟ್ರದ ಗಡಿಯಲ್ಲಿರುವ ಕಾಗವಾಡಕ್ಕೆ ವರ್ಗವಾಗಿ, ಅಕ್ಕಾತಾಯಿಯವರ ಮನೆಯ ಮುಂದಿನ ಎರಡು ಕೋಣೆಗಳಿಗೆ ನಾವು ಬಾಡಿಗೆಗೆ ಬಂದದ್ದು ಈ ಬೇಸಿಗೆಯಲ್ಲಿ. ಮೂರನೆಯ ತರಗತಿಗೆ ಹೋಗಬೇಕಾದ ಮಗಳು ಮಾನ್ಯ, ಬಂದ ಹೊಸದರಲ್ಲಿ ಯಾರ ಜೊತೆಗೂ ತುಟಿ ಬಿಚ್ಚಲಿಲ್ಲ. ಸಾನಿಕಾ ಒಬ್ಬಳೇ ಅವಳನ್ನು ಎಳೆದುಕೊಂಡು ಹೋಗಿ ಆಟಕ್ಕೆ ಸೇರಿಸಿಕೊಂಡಳು. ಸಾನಿಕಾ ಇದ್ದಾಳಲ್ಲ, ಜೊತೆಯಲ್ಲಿ ಹೋಗುತ್ತಾಳೆ ಎಂಬ ಧೈರ್ಯದಲ್ಲೇ ಮಗಳ ಹೆಸರನ್ನು ಕನ್ನಡ ಶಾಲೆಗೆ ಬರೆಸಿದ್ದೆವು. ಯಾವ ಶಾಲೆ ಎಂದು ಕೇಳುವುದು ಹೊಳೆಯಲೇ ಇಲ್ಲ. ನಮ್ಮ ಕಡೆ ಮನೆಮಾತು ಕನ್ನಡವಾದ ಮೇಲೆ ಅದನ್ನು ಯಾರು ಕೇಳುತ್ತಾರೆ ಹೇಳಿ.

ವಿಷಯ ತಿಳಿದದ್ದೇ ಮಾನ್ಯ ಹೊಸ ಯೂನಿಫಾರ್ಮನ್ನು ಮೂಲೆಗೆ ಎಸೆದಳು.

“ಸಾನಿಕಾ ಸ್ಕೂಲಿಗೇ ಹೋಗ್ತೀನಿ. ಇಲ್ಲಾಂದ್ರೆ ಅಜ್ಜಿ ಮನೆಗೆ ಕಳಿಸಿಬಿಡು.”

ಅಜ್ಜಿ ಮನೆ ಬರೀ ಬೆದರಿಕೆಯಾಗಿರಲಿಲ್ಲ. ಮಗು ಹೊಂದಿಕೊಳ್ಳದಿದ್ದರೆ ನಾನೂ ಅವಳೂ ನಂಜನಗೂಡಿಗೆ ವಾಪಸು ಹೋಗುವುದು, ಇವರು ಒಬ್ಬರೇ ಇಲ್ಲಿರುವುದು ಎಂದು ಮನೆಯಲ್ಲಿ ಮಾತಾಗಿತ್ತು. ತಮ್ಮನ ಮನೆಯಲ್ಲಿರುವ ಅಮ್ಮ ಹಳೆಯ ಶಾಲೆಯ ಹೆಡ್ ಮೇಡಂ ಹತ್ತಿರ ಹೋಗಿ, ಇನ್ನೂ ಟಿ.ಸಿ. ತಗೊಂಡಿಲ್ಲವಲ್ಲ, ಹೆಸರು ಹಾಗೇ ಇರಲಿ ಎಂದು ಹೇಳಿಯೂ ಬಂದಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಾಟೀಚೀಲ ತುಂಬಿಸುವುದು, ಮತ್ತೆ ಖಾಲಿ ಮಾಡುವುದು. ಇಲ್ಲಿ ಶಾಲೆಯ ಬ್ಯಾಗಿಗೆ ಪಾಟೀಚೀಲ ಎನ್ನುತ್ತಾರೆ, ಪಾಟಿ ಎಂದರೆ ಸ್ಲೇಟು. ಅನ್ನ ಸೀದುಹೋಯಿತು. ನಮ್ಮೂರಾಗಿದ್ದರೆ ಪಕ್ಕದ ಮನೆಯವರು ವಾಸನೆ ಬಂದರೂ ಬಾರದಂತೆ ಇರುತ್ತಾರೆ. ಇಲ್ಲಿ ಅಕ್ಕಾತಾಯಿ ನೇರವಾಗಿ ಒಳಗೆ ಬಂದು ಒಲೆ ಆರಿಸಿದರು.

“ಯಾಕವ್ವಾ, ಹಿಂಗ್ಯಾಕ ಕುಂತೀ?”

ಹೇಳಿದೆ. ಹೇಳುವಾಗ ಸಿಟ್ಟೂ ಬಂತು. ಮೊದಲೇ ಹೇಳಬಾರದಿತ್ತೇ ಎಂದುಬಿಟ್ಟೆ.

“ನೀ ಕೇಳಿದ್ರ ಹೇಳ್ತಿದ್ನಿ,” ಎಂದರು ಅವರು, ಕೊಂಚವೂ ಬೇಸರವಿಲ್ಲದೆ. ಆಮೇಲೆ ಮಾನ್ಯಳ ಕೈ ಹಿಡಿದು, “ನಡಿ, ಸಾಲಿ ನೋಡಿ ಬರೂಣು,” ಎಂದು ಹೊರಟೇಬಿಟ್ಟರು. ನಾನೂ ಸೆರಗು ಸರಿಮಾಡಿಕೊಂಡು ಹಿಂದೆ ಓಡಿದೆ.

ಹೆಸರು ಬರೆಸಲು ಯಜಮಾನರೊಬ್ಬರೇ ಹೋಗಿದ್ದರು, ನಾನು ಶಾಲೆ ನೋಡಿರಲಿಲ್ಲ. ಒಂದೇ ಗೇಟು. ಒಳಗೆ ಎಡಕ್ಕೆ ಕನ್ನಡ ಶಾಲೆ, ಬಲಕ್ಕೆ ಮರಾಠಿ ಶಾಲೆ. ನಡುವೆ ಒಂದು ಬಯಲು, ನೀರಿನ ನಲ್ಲಿ, ಬೇವಿನ ಮರ.

“ಪಾಠಕ್ಕ ನೀ ಆ ಕಡೆ, ಆಕಿ ಈ ಕಡೆ,” ಅಕ್ಕಾತಾಯಿ ಮಗುವಿಗೆ ಹೇಳಿದರು. “ಊಟದ ಗಂಟಿ ಹೊಡದ್ರ ಇಬ್ರೂ ಈ ಗಿಡದ ಬುಡಕ.”

ಮಾನ್ಯ ಮರವನ್ನೂ ಎರಡು ಬಾಗಿಲುಗಳನ್ನೂ ನೋಡಿದಳು. ಸಾನಿಕಾಳ ಕ್ಲಾಸಿನ ಬಾಗಿಲು ಯಾವುದು ಎಂದು ಕೇಳಿದಳು. ಮನೆಗೆ ಬಂದು ಯೂನಿಫಾರ್ಮನ್ನು ತಾನೇ ಎತ್ತಿ ಮಡಿಸಿಟ್ಟಳು.

ಶಾಲೆ ಶುರುವಾದ ದಿನ ಶ್ರದ್ಧಾ ಅವಳನ್ನು ಎಡಕ್ಕೆ ಕರೆದೊಯ್ದಳು, ಸಾನಿಕಾ ಬಲಕ್ಕೆ ಓಡಿದಳು. ನಾನು ಮನೆಗೆ ಹೋಗಲಿಲ್ಲ. ಗೇಟಿನ ಹೊರಗೆ, ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ, ಈಗ ಅಳುತ್ತ ಬರುತ್ತಾಳೆ, ಈಗ ಬರುತ್ತಾಳೆ ಎಂದು ನಿಂತೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅವಳು ಅತ್ತರೆ ಸಾಕು, ಸಂಜೆಯ ರೈಲಿಗೇ ಹೊರಟುಬಿಡೋಣ ಎಂದು ನನ್ನ ಮನಸ್ಸು ಆಸೆಪಡುತ್ತಿತ್ತು.

ಊಟದ ಗಂಟೆ ಹೊಡೆಯಿತು. ಎರಡೂ ಕಡೆಯಿಂದ ಮಕ್ಕಳು ನುಗ್ಗಿ ಬಂದರು. ಬೇವಿನ ಬುಡದಲ್ಲಿ ಮಾನ್ಯ ತಟ್ಟೆ ಹಿಡಿದು, ಸಾನಿಕಾಳ ಕಡೆಯ ಹುಡುಗಿಯರ ನಡುವೆ ಜಾಗ ಮಾಡಿಕೊಂಡು ಕೂತಳು. ಯಾರೋ ಏನೋ ಹೇಳಿದ್ದಕ್ಕೆ ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಕ್ಕಳು. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. “ಹೆಡ್ ಮೇಡಂಗೆ ಹೇಳಿಬಿಡಮ್ಮ, ಟಿ.ಸಿ. ಕೊಟ್ಟುಬಿಡಲಿ. ಇವಳು ಇಲ್ಲಿ ಹೊಂದ್ಕೊಂಡ್ಳು.”

“ಒಳ್ಳೇದಾಯ್ತು ಬಿಡು. ಊಟ ಮಾಡಿದ್ಲಾ?”

“ಮಾಡ್ತಾವ್ಳೆ.”

“ಹಂಗಾದ್ರೆ ನೀನೂ ಬರಲ್ಲ ಅನ್ನು,” ಎಂದರು ಅಮ್ಮ.

“ದಸರಾ ರಜಕ್ಕೆ ಬರ್ತೀನಮ್ಮ,” ಎಂದೆ. ಒಳಗೆ ಮಗಳು ತಟ್ಟೆ ತೊಳೆಯಲು ನಲ್ಲಿಯ ಕಡೆ ಓಡುತ್ತಿದ್ದಳು.