ಸೂಲಗಿತ್ತಿಯ ಹಿತ್ತಲು

ಹಂಪಾಪುರದ ಚಿಕ್ಕಬಸಮ್ಮನ ಕೈಯಲ್ಲಿ ಕೂಸುಗಳು ಉಳಿಯುತ್ತಿದ್ದವು, ಗಿಡಗಳು ಮಾತ್ರ ಉಳಿಯುತ್ತಿರಲಿಲ್ಲ. ಊರವರು ಹಾಗೆಂದು ತಮಾಷೆ ಮಾಡಿದರೆ ಅವಳೂ ನಗುತ್ತಾ ಒಪ್ಪಿಕೊಳ್ಳುತ್ತಿದ್ದಳು.

ಅವಳು ಸೂಲಗಿತ್ತಿ. ಮಹಾರಾಜರ ಕಾಲ, ಸಾವಿರದ ಒಂಬೈನೂರ ಮೂವತ್ತರ ಆಸುಪಾಸು. ಸುತ್ತಲಿನ ಹಳ್ಳಿಗಳಲ್ಲಿ ಬಸುರಿಗೆ ನೋವು ಕಾಣಿಸಿಕೊಂಡರೆ ಜನ ಮೊದಲು ಓಡಿ ಬರುತ್ತಿದ್ದುದು ಅವಳ ಬಾಗಿಲಿಗೆ. ಕೆಲವರು ಗಾಡಿ ಕಟ್ಟಿಕೊಂಡು ಬರುವರು, ಕೆಲವರು ನಡೆಸಿಕೊಂಡೇ ಕರೆದೊಯ್ಯುವರು. ಅವಳು ಮುದ್ದೆಗಿಟ್ಟ ಎಸರನ್ನು ಅತ್ತೆಗೆ ಒಪ್ಪಿಸಿ, ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುವಳು. ಗಂಡ ಗುರುಸ್ವಾಮಿ ಗಾಡಿ ಹೊಡೆಯುವವನು. ಕಾಡಿನಂಚಿನಿಂದ ಮರದ ದಿಮ್ಮಿ ಹೇರಿಕೊಂಡು ಹುಣಸೂರಿನ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದವಳು ಅತ್ತೆ ದೊಡ್ಡತಾಯಮ್ಮ ಒಬ್ಬಳೇ. ಅವಳ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಇಂಥ ಮನೆಯ ಹಿತ್ತಲಿಗೆ ನೀರು ಹೊಯ್ಯುವವರು ಯಾರು? ಆದರೂ ಚಿಕ್ಕಬಸಮ್ಮನಿಗೆ ತರಕಾರಿಯ ಆಸೆ ಬಿಡದು. ಯುಗಾದಿ ಹೊತ್ತಿಗೆ ಒಂದು ಹದಮಳೆ ಬಿದ್ದರೆ ಸಾಕು, ಬದನೆ ಸಸಿ ನೆಡುವಳು, ಬೆಂಡೆ ಊರುವಳು, ದಂಟಿನ ಬೀಜ ಚೆಲ್ಲುವಳು. ಸೇದುಬಾವಿಯಿಂದ ಕೊಡಗಟ್ಟಲೆ ನೀರು ಹೊರುವಳು. ಅಷ್ಟರಲ್ಲಿ ಯಾವುದೋ ಊರಿನಿಂದ ಕರೆ. ಹೆರಿಗೆ ಮಾಡಿಸಿ, ಬಾಣಂತಿಗೂ ಕೂಸಿಗೂ ಎರೆದು ವಾಪಸು ಬರುವ ವೇಳೆಗೆ ಸಸಿಗಳೆಲ್ಲ ಬಾಡಿ ನೆಲ ಹಿಡಿದಿರುತ್ತಿದ್ದವು. ಅಳಿದುಳಿದದ್ದನ್ನು ಯಾರದೋ ಮೇಕೆ ಮೇದಿರುತ್ತಿತ್ತು. ಆಮೇಲೆ ಸರಗೂರಿನ ಸಂತೆಯಿಂದ ತಂದದ್ದೇ ಗತಿ. ಅದೂ ಇಲ್ಲದಿದ್ದರೆ ಹುರುಳಿ ಸಾರು. ಒಂದು ವರ್ಷ ಅವಳಿಗೆ ಸಾಕುಸಾಕಾಗಿ ಬೀಜದ ಗಂಟನ್ನೇ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಆ ವರ್ಷವೇ ಹಿಂದಿನ ಬೀದಿಯ ಅಂಕಯ್ಯನ ಹೆಂಡತಿ ಮರಮ್ಮನಿಗೆ ನೋವು ಬಂದದ್ದು. ಯುಗಾದಿ ಕಳೆದಿತ್ತು. ಹಿಂದಿನ ಸಂಜೆ ಮಳೆ ಬಿದ್ದು ನೆಲ ಇನ್ನೂ ಹಸಿಯಾಗಿತ್ತು. ಬೆಳಿಗ್ಗೆಯೇ ಚಿಕ್ಕಬಸಮ್ಮ ಹೋಗಿ ನೋಡಿದಳು. ಬಸುರಿ ಗಟ್ಟಿಯಾಗಿದ್ದಳು, ಚೊಚ್ಚಲಾದ್ದರಿಂದ ತಡವಾಗುವಂತಿತ್ತು ಅಷ್ಟೆ. ಕಷ್ಟವಿದ್ದದ್ದು ಗಂಡನದು. ಅಂಕಯ್ಯ ನೋಡಲು ಎತ್ತಿನಂಥ ಆಳು, ಎದೆ ಮಾತ್ರ ಗುಬ್ಬಿಯದು. ಹೆಂಡತಿ ಒಳಗೆ ನರಳಿದಾಗಲೆಲ್ಲ ಇವನು ಹೊರಗಿನಿಂದ ಏನಾಯಿತೆಂದು ಕೂಗುವನು, ಬಾಗಿಲ ಸಂದಿಯಲ್ಲಿ ಇಣುಕುವನು. ಮನೆದೇವರಿಗೆ ಕೋಳಿಯ ಹರಕೆ ಹೊತ್ತು, ಅದು ಸಾಲದೇನೋ ಎಂದು ಕುರಿಗೆ ಏರಿಸಿದ. ಅವನ ದನಿ ಕೇಳಿ ಕೇಳಿ ಮರಮ್ಮನಿಗೂ ಭಯ ಹತ್ತತೊಡಗಿತು. ಚಿಕ್ಕಬಸಮ್ಮ ಎದ್ದು ಹೊರಗೆ ಬಂದಳು.

"ಅಂಕ, ನೀನಿಲ್ಲಿ ನಿಂತ್ಕಂಡು ಆಗಬೇಕಾದ್ದು ಏನೂ ಇಲ್ಲ ಕಣ್ಲಾ. ಗುದ್ಲಿ ತಕ್ಕಂಡು ನಮ್ಮ ಇತ್ಲಿಗೋಗು. ಬಚ್ಚಲ ಇಂದ್ಗಡೆ ಒಂದು ಗುಂಡಿ ತೋಡು."

ಅಂಕಯ್ಯನ ಮುಖ ಬಿಳಿಚಿಕೊಂಡಿತು. "ಗುಂಡಿ ಯಾಕಕ್ಕ?"

"ತೆಂಗಿನ ಸಸಿ ಇಡಕ್ಕೆ ಕಣ್ಲಾ, ಇನ್ಯಾಕೆ? ನಾನು ಏಳ್ಕಳಿಸೋಗಂಟ ನಿಲ್ಲುಸ್ಬ್ಯಾಡ."

ಅವಳ ಬಳಿ ತೆಂಗಿನ ಸಸಿ ಇರಲಿಲ್ಲ. ಅವನು ಅಲ್ಲಿಂದ ಜಾಗ ಖಾಲಿ ಮಾಡಿದರೆ ಸಾಕಾಗಿತ್ತು.

ಅಂಕಯ್ಯ ಹೋಗಿ ಅಗೆಯತೊಡಗಿದ. ದೊಡ್ಡತಾಯಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅವನಿಗೆ ಮಾತಿನ ಜೊತೆಯಾದಳು. ನಡುನಡುವೆ ಅವನು ಗುದ್ದಲಿ ನಿಲ್ಲಿಸಿ, ಹಿಂದಿನ ಬೀದಿಯಿಂದ ಏನಾದರೂ ಕೇಳಿಸಿತೇ ಎಂದು ಕೇಳುವನು. ಅವಳು ಇಲ್ಲವೆನ್ನುವಳು, ಅಗೆಯಲು ಹೇಳುವಳು. ಮಜ್ಜಿಗೆ ಕೊಟ್ಟಳು, ಕುಡಿದು ಮತ್ತೆ ಅಗೆದ. ಮೇಲಿನ ಕೆಮ್ಮಣ್ಣು ಮುಗಿದು ಕೆಳಗೆ ತಣ್ಣನೆಯ ಜೇಡಿ ಸಿಕ್ಕಿತು. ಅವನಿಗೆ ಅದೊಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಗುದ್ದಲಿ ಎತ್ತಿದಾಗೊಮ್ಮೆ ದೇವರನ್ನು ನೆನೆಯುವುದು, ಇಳಿಸಿದಾಗೊಮ್ಮೆ ಹೆಂಡತಿಯನ್ನು ನೆನೆಯುವುದು. ಹೀಗೇ ಮಧ್ಯಾಹ್ನ ಕಳೆಯಿತು.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡತಾಯಮ್ಮನಿಗೆ ಏನೋ ವಿಚಿತ್ರವೆನಿಸಿತು. ಅಂಕಯ್ಯನ ಮಾತು ಎದುರಿನಿಂದ ಬರುವ ಬದಲು ನೆಲದೊಳಗಿನಿಂದ ಬರುತ್ತಿತ್ತು.

"ಎಲ್ಲಿದ್ದೀಯಲಾ ಅಂಕ?"

"ಇಲ್ಲೇ ಇವ್ನಿ ತಾಯವ್ವ, ಗುಂಡಿವೊಳಗೆ."

ಮುದುಕಿ ಕೋಲೂರಿಕೊಂಡು ಮಣ್ಣಿನ ಗುಡ್ಡೆಯವರೆಗೆ ಬಂದು ಕೋಲನ್ನು ಕೆಳಕ್ಕೆ ಬಿಟ್ಟು ನೋಡಿದಳು. ಕೋಲಿಗೆ ನೆಲ ಸಿಗಲಿಲ್ಲ, ಅಂಕಯ್ಯನ ಮುಂಡಾಸು ಸಿಕ್ಕಿತು.

ಅದೇ ಹೊತ್ತಿಗೆ ಮರಮ್ಮ ಹೆಣ್ಣು ಕೂಸನ್ನು ಹೆತ್ತಳು. ತಾಯಿಯೂ ಮಗುವೂ ಚೆನ್ನಾಗಿದ್ದರು. ಕೂಸಿಗೆ ಎರೆದು ಬಟ್ಟೆಯಲ್ಲಿ ಸುತ್ತುವಾಗ ಚಿಕ್ಕಬಸಮ್ಮನಿಗೆ ಅಂಕಯ್ಯನ ನೆನಪಾಯಿತು. ಅವಳು ಮನೆಗೆ ಓಡಿದಳು. ಗುಂಡಿಯ ಅಂಚಿಗೆ ಬಗ್ಗಿ ಹೇಳಿದಳು:

"ಮಗಳು ಉಟ್ಟವ್ಳೆ ಕಣ್ಲಾ. ಇಬ್ರೂ ಚೆಂದಾಗವ್ರೆ. ಮ್ಯಾಲಕ್ಕೆ ಬಾ."

ಅಂಕಯ್ಯ ಅಲ್ಲೇ ಕುಸಿದು ಕೂತು ಅತ್ತ. ಅತ್ತು ಮುಗಿದ ಮೇಲೆ ಹತ್ತಿ ಬರಲು ನೋಡಿದರೆ ಆಗಲಿಲ್ಲ. ಕೊನೆಗೆ ಬಾವಿಯ ಹಗ್ಗ ಬಿಟ್ಟು, ಅಕ್ಕಪಕ್ಕದವರು ಸೇರಿ ಅವನನ್ನು ಎಳೆದುಕೊಂಡರು. ಮಣ್ಣು ಮೆತ್ತಿಕೊಂಡೇ ಮಗಳ ಮುಖ ನೋಡಲು ಓಡಿದ.

ಈಗ ಗುಂಡಿಯ ಚಿಂತೆ. ಕಣ್ಣು ಕಾಣದ ಅತ್ತೆ ಓಡಾಡುವ ಜಾಗ, ಹಾಗೇ ಬಿಡುವಂತಿಲ್ಲ. ಚಿಕ್ಕಬಸಮ್ಮ ಸುತ್ತ ಮುಳ್ಳು ಒಟ್ಟಿ ಗಂಡನ ದಾರಿ ಕಾದಳು. ಗುರುಸ್ವಾಮಿ ಬಂದವನು ಗುಂಡಿ ನೋಡಿ, ನೀರು ಬಂತೇ ಎಂದು ಕೇಳಿದ. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ತೋಪಿನ ತರಗೆಲೆ, ತಿಪ್ಪೆಯ ಗೊಬ್ಬರ, ಕೊಟ್ಟಿಗೆಯ ಕಸ ಎಲ್ಲವನ್ನೂ ಗಾಡಿಯಲ್ಲಿ ಹೇರಿ ತಂದು ಸುರಿದ. ಅಗೆದ ಮಣ್ಣನ್ನು ಮೇಲೆ ಎಳೆದ. ಅದುವರೆಗೆ ಹಿತ್ತಲೆಲ್ಲ ಹರಿದು ರಾಡಿ ಮಾಡುತ್ತಿದ್ದ ಬಚ್ಚಲ ನೀರು ತಾನಾಗಿ ಆ ಸಡಿಲ ಮಣ್ಣಿಗೆ ಇಳಿಯತೊಡಗಿತು.

ಅಷ್ಟರಲ್ಲಿ ಅಂಕಯ್ಯ ಮನೆಯಲ್ಲಿದ್ದ ಸಿಹಿಗುಂಬಳದ ಬೀಜ ತಂದ. ಸುಮ್ಮನೆ ಸಾಯಿಸುವುದೇಕೆ ಎಂದು ಚಿಕ್ಕಬಸಮ್ಮ ಬೇಡವೆಂದಳು. ಅವನು ಕೇಳದೆ ಊರಿ ಹೋದ. ಅದೇ ದಿನ ಅವಳಿಗೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಆಚೆಯ ಹಳ್ಳಿಯಿಂದ ಕರೆ ಬಂತು. ಅಲ್ಲಿಂದ ಇನ್ನೊಂದು ಊರು. ಗಿಡದ ಮಾತು ಮರೆತೇ ಹೋಗಿತ್ತು. ತಿರುಗಿ ಬಂದು ನೋಡುತ್ತಾಳೆ, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಮೊಳಕೆಗಳು ನಿಂತಿದ್ದವು. ಸುತ್ತ ಬಿಸಿಲಿಗೆ ನೆಲ ಬಿರಿದಿದ್ದರೂ ಅಲ್ಲಿ ಬೆರಳೂರಿದರೆ ತಣ್ಣಗೆ ಹಸಿ. ಅವಳು ಕುಕ್ಕರಗಾಲಲ್ಲಿ ಕೂತು, ಬಚ್ಚಲ ನೀರು ಆ ಮಣ್ಣಿಗೆ ಇಳಿಯುವುದನ್ನು ನೋಡಿದಳು.

ಆಮೇಲೆ ಅವಳು ಬದನೆ ಬೆಂಡೆಗಳ ಹಂಬಲ ಬಿಟ್ಟಳು. ದಿನವೂ ಕೊಡನೀರು ಕೇಳುವ ಗಿಡ ತನ್ನ ಹಿತ್ತಲಿಗೆ ಬೇಡವೆಂದಳು. ಬಚ್ಚಲ ಮೋರಿಗೆ ಬಸಳೆ ಬಳ್ಳಿ ಹಬ್ಬಿಸಿದಳು, ಅದರ ಪಕ್ಕ ಕೆಸುವಿನ ಗೆಡ್ಡೆ ಹೂತಳು, ಬೇಲಿಗೆ ನುಗ್ಗೆಯ ಕೊಂಬೆ ನೆಟ್ಟಳು. ಮೇಕೆ ನುಗ್ಗದಂತೆ ಗುರುಸ್ವಾಮಿ ಕಳ್ಳಿ ತಂದು ಸುತ್ತ ಊರಿದ. ದಂಟು ತಾನೇ ಬೀಜ ಉದುರಿಸಿಕೊಂಡು ತಾನೇ ಹುಟ್ಟಿತು.

ಕುಂಬಳದ ಬಳ್ಳಿ ಬೇಲಿ ಹತ್ತಿ, ಕೊಟ್ಟಿಗೆಯ ಸೂರು ಹತ್ತಿತು. ದೊಡ್ಡತಾಯಮ್ಮ ದಿನಾ ಬೆಳಿಗ್ಗೆ ಕಾಯಿಗಳನ್ನು ತಡವಿ, ಯಾವುದು ಎಷ್ಟು ದಪ್ಪವಾಯಿತೆಂದು ಸೊಸೆಗೆ ಹೇಳುವಳು. ದಸರೆ ಹೊತ್ತಿಗೆ ಮನೆಯಲ್ಲಿ ಪಲ್ಯ ಕುಂಬಳ, ಸಾರು ಕುಂಬಳ. ಗುರುಸ್ವಾಮಿ ಬೇಸತ್ತು ಗಾಡಿಯ ದಿಮ್ಮಿಗಳ ಸಂದಿಯಲ್ಲಿ ಕುಂಬಳ ತುರುಕಿಕೊಂಡು ಹೋಗಿ ದಾರಿಯ ಸ್ನೇಹಿತರಿಗೆಲ್ಲ ಹಂಚಿ ಬಂದ.

ಸುದ್ದಿ ಊರೂರಿಗೆ ಹರಡಿತು. ಅಂದಿನಿಂದ ಊರಿನೊಳಗೆ ಹೆರಿಗೆಯಾದರೆ ಚಿಕ್ಕಬಸಮ್ಮ ಗಂಡಂದಿರಿಗೆ ಕೆಲಸ ಹಚ್ಚುವುದು ರೂಢಿಯಾಯಿತು. ಒಬ್ಬ ಗೊಬ್ಬರ ಹೊತ್ತ, ಒಬ್ಬ ಬೇಲಿ ಕಟ್ಟಿದ, ಇನ್ನೊಬ್ಬ ಬಸಳೆಗೆ ಚಪ್ಪರ ಹಾಕಿದ. ಗುಂಡಿಯ ಆಳ ಮೊಣಕಾಲು ದಾಟದ ಹಾಗೆ ಅವಳೀಗ ಮೊದಲೇ ಹೇಳಿ ಕಳಿಸುತ್ತಿದ್ದಳು.

ಮುಂದಿನ ಯುಗಾದಿ ಕಳೆದು ಒಂದು ಬೆಳಿಗ್ಗೆ ಚೆಲುವಯ್ಯನೆಂಬ ನೆಂಟ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಚಿಕ್ಕಬಸಮ್ಮ ಗಾಬರಿಯಿಂದ, ಹೆಂಡತಿಗೆ ನೋವು ಬಂತೇ ಎಂದು ಕೇಳಿದಳು. ಇಲ್ಲ, ಇನ್ನೂ ತಿಂಗಳಿದೆ ಎಂದ ಅವನು.

"ಮತ್ಯಾಕ್ಲಾ ಬಂದೆ?"

"ಮನೇಲಿ ಕೂತ್ರೆ ಎದೆ ಡವಡವ ಅಂತದೆ ಕಣತ್ತೆ. ಈಗ್ಲೇ ಸುರು ಮಾಡ್ಬುಡ್ತೀನಿ."

ಚಿಕ್ಕಬಸಮ್ಮ ಅವನನ್ನು ಒಮ್ಮೆ ನೋಡಿ, ನುಗ್ಗೆ ಮರದ ಆಚೆ ಖಾಲಿಯಿದ್ದ ಜಾಗ ತೋರಿಸಿದಳು.